ಬಾಯ್ತಪ್ಪಿಗೆ ಹೆಸರಾದ ಮೇಷ್ಟ್ರು: ವಿಲಿಯಂ ಆರ್ಚಿಬಾಲ್ಡ್ ಸ್ಪೂನರ್

ಅಭ್ಯಾಸ ಬೋಧನೆಯ ನನ್ನ ನಾಲ್ಕನೇ ಪಾಠ. ಆರನೇ ತರಗತಿ, ವಿಜ್ಞಾನ, ಸಸ್ಯದ ಭಾಗಗಳು. ಚಾರ್ಟ್ ತೂಗುಹಾಕಿ, ಕೋಲು ಹಿಡಿದು, ಬೇರು, ಕಾಂಡ, ಎಲೆ ಎಂದು ತೋರಿಸಬೇಕಿತ್ತು. ಬಾಯಿಂದ ಬಂದದ್ದು ಕೇರು, ಬಾಂಡ, ಎಲೆ. ಮಕ್ಕಳು ನಕ್ಕರು, ನಾನೂ ನಕ್ಕೆ, ಸರಿಯಾಗಿ ಇನ್ನೊಮ್ಮೆ ಹೇಳಿ ಮುಂದೆ ಹೋದೆ. ಕೋಲು ಮಾತ್ರ ಸರಿಯಾದ ಜಾಗದಲ್ಲೇ ಇತ್ತು.

ಸಂಜೆ ವೀಕ್ಷಣಾ ಹಾಳೆ ಕೈಗೆ ಬಂತು. ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ನೋಡಿದ ಸಹಪಾಠಿ ಅದರಲ್ಲಿ, ಪ್ರಶಿಕ್ಷಣಾರ್ಥಿಯು ಬೇರು ಮತ್ತು ಕಾಂಡಗಳನ್ನು ಒಂದಕ್ಕೊಂದು ಬದಲಾಗಿ ಹೇಳಿದರು ಎಂದು ಬರೆದಿದ್ದಳು. ವಿಷಯಜ್ಞಾನದ ಕಾಲಂನಲ್ಲಿ ಎರಡು ಅಂಕ ಹೋಗಿತ್ತು. ಬಿ.ಎಸ್ಸಿ.ಯಲ್ಲಿ ಮೂರು ವರ್ಷ ಸಸ್ಯಶಾಸ್ತ್ರ ಓದಿದವಳಿಗೆ ಬೇರು ಯಾವುದು, ಕಾಂಡ ಯಾವುದು ಗೊತ್ತಿಲ್ಲ ಎಂದಂತಾಯಿತು. ಅವಳೇನೂ ಬೇಕೆಂದು ಬರೆದದ್ದಲ್ಲ. ಮಧ್ಯಾಹ್ನ ಕೇಳಿದ್ದನ್ನು ಸಂಜೆ ನೆನಪಿನಿಂದ ತುಂಬಿದ್ದಳು. ಕೇರು, ಬಾಂಡ ಎಂದು ಹಾಳೆಯ ಮೇಲೆ ಬರೆದರೆ ಅರ್ಥವಿಲ್ಲ, ಅದಕ್ಕೇ ಅರ್ಥವಿರುವ ಒಂದು ತಪ್ಪನ್ನು ಬರೆದಳು. ಈ ಸಂಗತಿಯನ್ನು ನಮ್ಮ ಇಂಗ್ಲಿಷ್ ಬೋಧನಾ ವಿಧಾನದ ಉಪನ್ಯಾಸಕರಿಗೆ ಹೇಳಿದಾಗ ಅವರು ಸ್ಪೂನರ್ ಎಂಬ ಹೆಸರು ಹೇಳಿ, ಓದಿಕೊಂಡು ಬಾ ಎಂದು ಕಳಿಸಿದರು. ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ವಿಲಿಯಂ ಆರ್ಚಿಬಾಲ್ಡ್ ಸ್ಪೂನರ್ ಹುಟ್ಟಿದ್ದು 1844ರ ಜುಲೈ 22ರಂದು, ಲಂಡನ್ನಿನಲ್ಲಿ. ಚರ್ಮ, ಕೂದಲು, ಕಣ್ಣುಗಳಿಗೆ ಬಣ್ಣ ಕೊಡುವ ಮೆಲನಿನ್ ಹುಟ್ಟಿನಿಂದಲೇ ಅವರಲ್ಲಿ ಬಹಳ ಕಡಿಮೆ. ಇದನ್ನು ಆಲ್ಬಿನಿಸಂ ಎನ್ನುತ್ತಾರೆಂದು ನಾವು ಆನುವಂಶೀಯತೆಯ ಪಾಠದಲ್ಲಿ ಓದಿದ್ದೇವೆ. ಪಾಠದಲ್ಲಿ ನಾವು ಅಷ್ಟಾಗಿ ಗಮನ ಕೊಡದ ಸಂಗತಿ ಒಂದಿದೆ: ಇದು ದೃಷ್ಟಿಯನ್ನೂ ಕೆಡಿಸುತ್ತದೆ. ಸ್ಪೂನರ್ ಅವರದು ಕುಳ್ಳು ದೇಹ, ಗುಲಾಬಿ ಬಣ್ಣದ ಮುಖ, ಬೆಳ್ಳನೆ ಕೂದಲು. ಪುಸ್ತಕವನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿದೇ ಓದಬೇಕಿತ್ತು. ಇಂಥ ಕಣ್ಣಿಟ್ಟುಕೊಂಡು ಅವರು ಆರಿಸಿಕೊಂಡದ್ದು ಇಡೀ ಜೀವನ ಓದುವ, ಓದಿಸುವ ಕೆಲಸವನ್ನು.

ಶಾಲೆ ಓದಿದ್ದು ಆಸ್ವೆಸ್ಟ್ರಿ ಎಂಬ ಊರಿನಲ್ಲಿ. 1862ರಲ್ಲಿ ಆಕ್ಸ್‌ಫರ್ಡ್‌ನ ನ್ಯೂ ಕಾಲೇಜಿಗೆ ವಿದ್ಯಾರ್ಥಿವೇತನ ಪಡೆದು ಸೇರಿದರು. ಹೆಸರು ನ್ಯೂ ಕಾಲೇಜು, ಸ್ಥಾಪನೆಯಾದದ್ದು 1379ರಲ್ಲಿ. ಕಾಲೇಜು ಕಟ್ಟಿದ ವಿಕಮ್‌ನ ವಿಲಿಯಂ ಎಂಬ ಧರ್ಮಗುರುವೇ ವಿಂಚೆಸ್ಟರ್‌ನಲ್ಲಿ ಒಂದು ಶಾಲೆಯನ್ನೂ ಕಟ್ಟಿದ್ದ. ಆ ಶಾಲೆಯ ಹುಡುಗರಿಗೇ ಇಲ್ಲಿ ಸ್ಥಾನ. ಹೊರಗಿನ ಶಾಲೆಯಿಂದ ಬಂದು ವಿದ್ಯಾರ್ಥಿವೇತನ ಪಡೆದವರಲ್ಲಿ ಸ್ಪೂನರ್ ಮೊದಲಿಗರು. ಬಂದವರು ಅಲ್ಲಿಯೇ ಉಳಿದರು. 1867ರಲ್ಲಿ ಫೆಲೋ, ಮಾರನೇ ವರ್ಷ ಉಪನ್ಯಾಸಕ, 1869ರಲ್ಲಿ ಟ್ಯೂಟರ್, 1876ರಿಂದ 1889ರವರೆಗೆ ಡೀನ್, 1903ರಿಂದ 1924ರವರೆಗೆ ವಾರ್ಡನ್. ಇಲ್ಲಿ ವಾರ್ಡನ್ ಎಂದರೆ ಹಾಸ್ಟೆಲ್ ನೋಡಿಕೊಳ್ಳುವವರಲ್ಲ, ನಮ್ಮ ಪ್ರಾಂಶುಪಾಲರಂತೆ ಇಡೀ ಕಾಲೇಜಿನ ಮುಖ್ಯಸ್ಥರು. ಒಟ್ಟು 62 ವರ್ಷ ಒಂದೇ ಕಾಲೇಜು. ನಡುವೆ 1875ರಲ್ಲಿ ಪಾದ್ರಿಯಾಗಿ ದೀಕ್ಷೆ ಪಡೆದರು, 1878ರಲ್ಲಿ ಕಾರ್ಲೈಲ್‌ನ ಬಿಷಪ್ಪರ ಮಗಳು ಫ್ರಾನ್ಸೆಸ್ ಗುಡ್ವಿನ್ ಅವರನ್ನು ಮದುವೆಯಾದರು.

ಪ್ರಾಚೀನ ಇತಿಹಾಸ, ಧರ್ಮಶಾಸ್ತ್ರ, ಅರಿಸ್ಟಾಟಲನ ನೀತಿಶಾಸ್ತ್ರ ಅವರು ಕಲಿಸುತ್ತಿದ್ದ ವಿಷಯಗಳು. ರೋಮನ್ ಇತಿಹಾಸಕಾರ ಟಾಸಿಟಸ್‌ನ ಗ್ರಂಥವೊಂದನ್ನು ಸಂಪಾದಿಸಿ 1891ರಲ್ಲಿ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಅವರ ಮೇಲೆ ಪ್ರೀತಿ, ಅಡ್ಡಹೆಸರು ಸ್ಪೂ. ಇಷ್ಟೇ ಆಗಿದ್ದರೆ ಇಂದು ಅವರ ಹೆಸರು ಆ ಕಾಲೇಜಿನ ಗೋಡೆಯ ಪಟ್ಟಿಯಲ್ಲಿ ಮಾತ್ರ ಇರುತ್ತಿತ್ತು.

1879ರ ಸುಮಾರಿಗೆ ಕಾಲೇಜಿನ ಪ್ರಾರ್ಥನಾ ಮಂದಿರದಲ್ಲಿ ಅವರು ಮುಂದಿನ ಸ್ತೋತ್ರದ ಹೆಸರು ಹೇಳಬೇಕಿತ್ತು. ಅದರ ಮೊದಲ ಎರಡು ಪದ ಕಾಂಕರಿಂಗ್ ಕಿಂಗ್ಸ್, ಗೆಲ್ಲುವ ರಾಜರು. ಅವರ ಬಾಯಲ್ಲಿ ಅದು ಕಿಂಕರಿಂಗ್ ಕಾಂಗ್ಸ್ ಆಯಿತು. ಇಂಗ್ಲಿಷಿನಲ್ಲಿ ಇದಕ್ಕೆ ಏನೂ ಅರ್ಥವಿಲ್ಲ. ಕನ್ನಡದ ಕಿವಿಗೆ ರಾಜರು ಕಿಂಕರರಾದಂತೆ ಕೇಳುತ್ತದೆ, ಅದು ಬೇರೆ ಮಾತು. ಅವರು ತಾವಾಗಿ ಒಪ್ಪಿಕೊಂಡ ಬಾಯ್ತಪ್ಪು ಇದೊಂದೇ ಎನ್ನುತ್ತಾರೆ.

ಆಮೇಲೆ ಶುರುವಾಯಿತು. 1885ರ ಹೊತ್ತಿಗೆ ಆಕ್ಸ್‌ಫರ್ಡ್ ಹುಡುಗರ ಆಡುಮಾತಿನಲ್ಲಿ ಸ್ಪೂನರಿಸಂ ಎಂಬ ಪದವೇ ಹುಟ್ಟಿಕೊಂಡಿತ್ತು. ಒಬ್ಬ ಹುಡುಗ ಒಂದು ಕಟ್ಟಿದ, ಇನ್ನೊಬ್ಬ ಅದಕ್ಕಿಂತ ಚೆನ್ನಾಗಿ ಕಟ್ಟಿದ, ಎಲ್ಲವೂ ಮೇಷ್ಟ್ರ ಹೆಸರಿನಲ್ಲಿ ಓಡಾಡಿದವು. ಎಲ್ಲಕ್ಕಿಂತ ಪ್ರಸಿದ್ಧವಾದದ್ದರಲ್ಲಿ ಅವರು ಒಬ್ಬ ವಿದ್ಯಾರ್ಥಿಯನ್ನು ಬೈಯುತ್ತಾರೆ. ಇತಿಹಾಸದ ಪಾಠ ತಪ್ಪಿಸಿದೆ ಎನ್ನಲು ಹೋಗಿ ರಹಸ್ಯದ ಪಾಠಕ್ಕೆ ಬುಸುಗುಟ್ಟಿದೆ ಎನ್ನುತ್ತಾರೆ, ಎರಡು ಟರ್ಮ್ ಹಾಳುಮಾಡಿದೆ ಎನ್ನಲು ಹೋಗಿ ಎರಡು ಹುಳುವಿನ ರುಚಿ ನೋಡಿದೆ ಎನ್ನುತ್ತಾರೆ, ಕೊನೆಗೆ ರೈಲಿನಲ್ಲಿ ಊರಿಗೆ ಹೊರಡಬೇಕಾದವನನ್ನು ಊರ ಚರಂಡಿಯಲ್ಲಿ ಕಳಿಸುತ್ತಾರೆ. ಎಲ್ಲ ಒಂದೇ ಉಸಿರಿನಲ್ಲಿ.

ಇದು ನಿಜವಲ್ಲ ಎನ್ನಲು ಹೆಚ್ಚಿನ ಸಾಕ್ಷಿ ಬೇಕಿಲ್ಲ. ಪ್ರತಿ ತಪ್ಪಿಗೂ ನಗು ಬರುವ ಅರ್ಥವಿದೆ. ನಿಜವಾದ ಬಾಯ್ತಪ್ಪಿನಲ್ಲಿ ಎಷ್ಟೋ ಸಲ ಅರ್ಥವೇ ಇರುವುದಿಲ್ಲ, ಕಿಂಕರಿಂಗ್‌ನಂತೆ, ನನ್ನ ಬಾಂಡದಂತೆ. ಅಂಥವು ಯಾರ ನೆನಪಿನಲ್ಲೂ ನಿಲ್ಲುವುದಿಲ್ಲ. ಚೆನ್ನಾಗಿ ಕಟ್ಟಿದ ಸುಳ್ಳು ನೂರು ವರ್ಷ ನಿಲ್ಲುತ್ತದೆ. 1979ರಲ್ಲಿ ಬಂದ ಆಕ್ಸ್‌ಫರ್ಡ್ ಉಕ್ತಿಕೋಶದ ಮೂರನೇ ಆವೃತ್ತಿ ಇಷ್ಟೆಲ್ಲ ಸ್ಪೂನರಿಸಂಗಳಲ್ಲಿ ಒಂದಕ್ಕೆ ಮಾತ್ರ ಆಧಾರವಿದೆ ಎಂದಿತು. ಅದು ಸ್ತೋತ್ರದ್ದಲ್ಲ! ಕೂಲಿಯ ದರ ಎಂಬರ್ಥದ ರೇಟ್ ಆಫ್ ವೇಜಸ್ ಎನ್ನುವುದು ವೇಟ್ ಆಫ್ ರೇಜಸ್, ಅಂದರೆ ಕೋಪಗಳ ಭಾರ ಆದದ್ದು. ಹೇಳಿದವರು ಒಂದನ್ನು ಒಪ್ಪುತ್ತಾರೆ, ಕೋಶ ಇನ್ನೊಂದನ್ನು ಒಪ್ಪುತ್ತದೆ. ಲೋಕಕ್ಕೆಲ್ಲ ಗೊತ್ತಿರುವ ಬಾಯಿಯ ಕಥೆಯೇ ಹೀಗೆ.

ಇಲ್ಲಿ ವಿಜ್ಞಾನದ ವಿದ್ಯಾರ್ಥಿಯಾಗಿ ಒಂದು ಮಾತು. ನನ್ನ ತಪ್ಪಿನಲ್ಲಿ ಬೇ ಮತ್ತು ಕಾ ಎಂಬ ಅಕ್ಷರಗಳು ಜಾಗ ಬದಲಿಸಲಿಲ್ಲ. ಬದಲಿಸಿದ್ದರೆ ಕಾರು, ಬೇಂಡ ಆಗಬೇಕಿತ್ತು. ಬ್ ಮತ್ತು ಕ್ ಮಾತ್ರ ಓಡಾಡಿದವು. ಏ, ಆ ಸ್ವರಗಳು ತಮ್ಮ ಜಾಗದಲ್ಲೇ ಕುಳಿತಿದ್ದವು. ನಾವು ಒಂದೇ ಅಕ್ಷರವಾಗಿ ಬರೆಯುವುದನ್ನು ಬಾಯಿ ಎರಡಾಗಿ ಇಟ್ಟುಕೊಂಡಿತ್ತು ಎಂದಾಯಿತು. ಸ್ಪೂನರ್ ಅವರ ಎರಡು ತಪ್ಪುಗಳಲ್ಲಿ ಇದನ್ನು ತೋರಿಸಲಾಗುವುದಿಲ್ಲ. ಒಂದರಲ್ಲಿ ಎರಡೂ ಪದಗಳ ವ್ಯಂಜನ ಒಂದೇ, ಇನ್ನೊಂದರಲ್ಲಿ ಎರಡರ ಸ್ವರ ಒಂದೇ. ಹಾಗಾಗಿ ಧ್ವನಿ ಓಡಿತೋ ಇಡೀ ಅಕ್ಷರ ಓಡಿತೋ ಹೇಳಲಾಗದು. ಉದಾಹರಣೆಯಾಗಿ ನನ್ನದೇ ಮೇಲು. ಆದರೆ ಇದನ್ನು ಹೇಳಲು ಕೇರು, ಬಾಂಡ ಎಂದು ಇದ್ದಂತೆಯೇ ಬರೆದಿಟ್ಟಿರಬೇಕು. ಬೇರು ಕಾಂಡ ಅದಲುಬದಲು ಎಂದು ಬರೆದ ಹಾಳೆಯಿಂದ ಇದು ಹೊರಡುವುದಿಲ್ಲ.

ಇದ್ದಂತೆಯೇ ಬರೆದವರು ಅದೇ ಕಾಲದಲ್ಲಿ ವಿಯೆನ್ನಾದಲ್ಲಿದ್ದರು. ರುಡಾಲ್ಫ್ ಮೆರಿಂಗರ್ ಎಂಬ ಭಾಷಾಶಾಸ್ತ್ರಜ್ಞ ಗೆಳೆಯರ ಜೊತೆ ಊಟಕ್ಕೆ ಕೂರುವಾಗ ಒಂದು ನಿಯಮ ಮಾಡಿದ್ದರು: ಒಮ್ಮೆಗೆ ಒಬ್ಬರೇ ಮಾತಾಡಬೇಕು, ಯಾರದಾದರೂ ಬಾಯಿ ತಪ್ಪಿದರೆ ಬರೆದುಕೊಳ್ಳುವ ತನಕ ಎಲ್ಲರೂ ಸುಮ್ಮನಿರಬೇಕು. ಸಾರು ಆರಿದರೂ ಸರಿ! ಹೀಗೆ ಸಾವಿರಾರು ತಪ್ಪುಗಳು ಸೇರಿದವು. 1895ರಲ್ಲಿ ಮನೋವೈದ್ಯ ಕಾರ್ಲ್ ಮೇಯರ್ ಜೊತೆಗೂಡಿ ಪುಸ್ತಕ ತಂದರು. ಈ ವಿಷಯದಲ್ಲಿ ಕೆಲಸ ಮಾಡುವವರು ಇಂದಿಗೂ ಅದನ್ನು ತೆರೆದು ನೋಡುತ್ತಾರೆ. ಇಷ್ಟು ಕಟ್ಟುನಿಟ್ಟು ಯಾಕೆಂದರೆ ಕಿವಿಯೂ ತಿದ್ದುತ್ತದೆ, ಕೈಯೂ ತಿದ್ದುತ್ತದೆ. ಮಾತಿನ ಅರ್ಥ ಹಿಡಿಯುವ ಆತುರದಲ್ಲಿ ತಪ್ಪು ಕೇಳಿಸುವುದೇ ಇಲ್ಲ, ಕೇಳಿಸಿದರೂ ಬರೆಯುವಾಗ ನೇರವಾಗಿಬಿಡುತ್ತದೆ. ಹಳ್ಳಿ ಹುಡುಗಿ ಹೋಕ್ತದೆ ಎಂದದ್ದನ್ನು ನಾವೆಲ್ಲ ದಾಖಲೆಯಲ್ಲಿ ಹೋಗುತ್ತದೆ ಎಂದೇ ಬರೆಯುತ್ತೇವಲ್ಲ. ಸ್ಪೂನರ್ ಅವರ ಪಾಲಿಗೆ ಪೆನ್ಸಿಲ್ ಹಿಡಿದು ಕುಳಿತ ಮೆರಿಂಗರ್ ಇರಲಿಲ್ಲ, ಹಾಸ್ಟೆಲ್ ಹುಡುಗರಿದ್ದರು.

ಸ್ಪೂನರ್ ಅವರ ಮರೆವಿನ ಕಥೆಗಳೂ ಬೇಕಾದಷ್ಟಿವೆ. ಊಟದ ಮೇಜಿನ ಮೇಲೆ ಉಪ್ಪು ಚೆಲ್ಲಿದಾಗ ಅದರ ಮೇಲೆ ವೈನ್ ಸುರಿದರಂತೆ. ವೈನ್ ಚೆಲ್ಲಿದರೆ ಮೇಲೆ ಉಪ್ಪು ಹಾಕುವುದು ಅಲ್ಲಿನ ರೂಢಿ. ಇವರು ತಿರುಗಾಮುರುಗಾ ಮಾಡಿದರು. ನಿಜವೋ ಕಟ್ಟಿದ್ದೋ, ಇದು ನನಗೆ ಇಷ್ಟವಾಯಿತು. ನಾಲಿಗೆಯ ಬದಲು ಕೈ ತಪ್ಪಿದೆ ಅಷ್ಟೇ.

ತಮ್ಮ ಈ ಖ್ಯಾತಿ ಅವರಿಗೆ ಹಿಡಿಸಿರಲಿಲ್ಲ. ಒಮ್ಮೆ ವಿದ್ಯಾರ್ಥಿಗಳು ಗುಂಪುಗೂಡಿ ಭಾಷಣ ಮಾಡಿ ಎಂದು ಕೂಗಿದಾಗ, ನಿಮಗೆ ಬೇಕಿರುವುದು ನನ್ನ ಭಾಷಣವಲ್ಲ, ಆ ತರಹದ್ದೊಂದು ಮಾತು ಎಂದು ಹೇಳಿ ನಿರಾಕರಿಸಿದರಂತೆ. ತಾನು ಬಾಯಿ ತೆರೆದರೆ ಎದುರಿನವರು ವಿಷಯ ಬಿಟ್ಟು ತಪ್ಪಿಗೇ ಕಾಯುತ್ತಾರೆ ಎಂದು ಗೊತ್ತಿದ್ದೂ ದಿನವೂ ತರಗತಿಗೆ ಹೋಗಬೇಕು. ನಾಲ್ಕು ಪಾಠ ಮಾಡಿದ ನನಗೇ ಐದನೆಯದಕ್ಕೆ ಹೋಗುವಾಗ ಬಾಯಿ ಒಣಗಿತ್ತು. ಅವರು ಹೀಗೆ ದಶಕಗಳ ಕಾಲ ನಡೆಸಿದರು.

ಅವರ ಬಗ್ಗೆ ಕಡಿಮೆ ಜನಕ್ಕೆ ಗೊತ್ತಿರುವ ಒಂದು ಸಂಗತಿ. ಮೊದಲ ಮಹಾಯುದ್ಧದಲ್ಲಿ ನ್ಯೂ ಕಾಲೇಜಿನ ಬಹಳ ಹುಡುಗರು ಸತ್ತರು. ಅಲ್ಲೇ ಓದಿ, ಜರ್ಮನಿಗೆ ಮರಳಿ, ಆ ಕಡೆಯಿಂದ ಹೋರಾಡಿ ಸತ್ತ ಮೂವರಿದ್ದರು. ಅವರೂ ನಮ್ಮ ವಿದ್ಯಾರ್ಥಿಗಳೇ, ಅವರನ್ನೂ ಸ್ಮರಿಸಬೇಕು ಎಂಬುದು ಸ್ಪೂನರ್ ಅವರ ನಿಲುವಾಗಿತ್ತು. ಯುದ್ಧದ ಕಹಿ ಆರದ ಆ ದಿನಗಳಲ್ಲಿ ಇದು ಸುಲಭದ ಮಾತಲ್ಲ. ಆ ಮೂವರ ಹೆಸರಿನ ಫಲಕ ಈಗಲೂ ಕಾಲೇಜಿನ ಪ್ರಾರ್ಥನಾ ಮಂದಿರದಲ್ಲಿದೆ. ಈ ಮಾತನ್ನು ಅವರು ತೊದಲದೆ ಹೇಳಿದರೋ ಇಲ್ಲವೋ ಯಾರೂ ಬರೆದಿಟ್ಟಿಲ್ಲ.

1924ರಲ್ಲಿ, 80ನೇ ವಯಸ್ಸಿನಲ್ಲಿ ನಿವೃತ್ತರಾದರು. 1930ರ ಆಗಸ್ಟ್ 29ರಂದು ತೀರಿಕೊಂಡರು. ಸಮಾಧಿ ಗ್ರಾಸ್ಮಿಯರ್‌ನಲ್ಲಿದೆ.

ಇಷ್ಟು ಓದಿಕೊಂಡು ನಾನು ಸಹಪಾಠಿಯ ಜೊತೆ ಕುಳಿತೆ, ಸ್ವಲ್ಪ ಜಗಳದ ಮನಸ್ಸಿನಿಂದಲೇ. ಅವಳು ಅದೇ ಹಾಳೆಯ ಹಿಂಬದಿ ತಿರುಗಿಸಿ ತೋರಿಸಿದಳು. ಅಲ್ಲಿ ಮಕ್ಕಳ ಉತ್ತರಗಳನ್ನು ಕೇಳಿದ ಕ್ಷಣದಲ್ಲೇ ಗೀಚಿಕೊಂಡಿದ್ದಳು. ಮೂರನೇ ಸಾಲಿನ ಹುಡುಗನೊಬ್ಬ ಕಾಂಡ ನೀರು ಹೀರುತ್ತದೆ ಎಂದು ಶುರುಮಾಡಿ, ತಡೆದು, ಅಲ್ಲ ಬೇರು ಎಂದು ತಾನೇ ತಿದ್ದಿಕೊಂಡಿದ್ದ. ನನ್ನ ಮೌಲ್ಯಮಾಪನ ವಹಿಯಲ್ಲಿ ಅವನ ಹೆಸರಿನ ಮುಂದೆ ಕಾಂಡ ಎಂದು ಬರೆದು ತಪ್ಪು ಗುರುತು ಹಾಕಿದ್ದೆ. ಉಳಿದರ್ಧ ನನಗೆ ಕೇಳಿಸಿಯೇ ಇರಲಿಲ್ಲ.

ಮರುದಿನ ಅವನನ್ನು ಕರೆದು ಕೇಳಿದೆ, ಸರಿಯಾಗಿಯೇ ಹೇಳಿದ. ಅವನ ಅಂಕ ತಿದ್ದಿದ್ದೇನೆ. ನನ್ನ ಹಾಳೆ ಮಾರ್ಗದರ್ಶಕರ ಸಹಿಯಾಗಿ ಕಡತ ಸೇರಿದೆ, ಆ ಎರಡು ಅಂಕ ಹೋದಂತೆಯೇ. ಆರನೇ ತರಗತಿಯಲ್ಲಿ ನನ್ನ ಹೆಸರು ಈಗ ಕೇರುಬಾಂಡ ಮಿಸ್. ನಾನು ಹೇಳಿಯೇ ಇರದ ಇನ್ನೂ ಎರಡು ಮಾತುಗಳು ಮೊನ್ನೆಯಿಂದ ನನ್ನ ಹೆಸರಿನಲ್ಲಿ ಓಡಾಡುತ್ತಿವೆ. ಅದರಲ್ಲೊಂದು ನಿಜಕ್ಕೂ ಚೆನ್ನಾಗಿದೆ.