ಸಿಮಾ ಛಿಯೆನ್: ಪ್ರಭುತ್ವದ ನೆರಳಿನಲ್ಲಿ ಚರಿತ್ರೆಯ ಬರವಣಿಗೆ

ಚೀನಾದ ಹಾನ್ ರಾಜವಂಶದ ಮೊದಲ ನೂರು ವರ್ಷಗಳ ಬಗೆಗೆ ಇಂದು ತಿಳಿದಿರುವ ಸಂಗತಿಗಳಲ್ಲಿ ಬಹುಪಾಲು ‘ಷೀ ಚಿ’ ಎಂಬ ಒಂದೇ ಗ್ರಂಥದಿಂದ ದೊರೆತಿದೆ. ಇದರ ಕರ್ತೃ ಸಿಮಾ ಛಿಯೆನ್. ಆಸ್ಥಾನದ ನೌಕರನೊಬ್ಬ ರಚಿಸಿದ ಕೃತಿಯಾದರೂ ಇದು ಅರಮನೆಯ ಆದೇಶದಿಂದ ಹುಟ್ಟಿದ್ದಲ್ಲ ಎಂಬುದನ್ನು ಆರಂಭದಲ್ಲಿಯೇ ಗಮನಿಸಬೇಕು.

ಈತ ಹುಟ್ಟಿದ ವರ್ಷ ಕ್ರಿ.ಪೂ. 145 ಎಂದು ಕೆಲವು ವಿದ್ವಾಂಸರೂ 135 ಎಂದು ಮತ್ತೆ ಕೆಲವರೂ ವಾದಿಸುತ್ತಾರೆ. ತಂದೆ ಸಿಮಾ ತಾನ್ ಆಸ್ಥಾನದ ಜ್ಯೋತಿರ್ವಿದ. ನಕ್ಷತ್ರವೀಕ್ಷಣೆ, ಪಂಚಾಂಗ ಮತ್ತು ದಾಖಲೆಗಳ ರಕ್ಷಣೆ ಆ ಹುದ್ದೆಯ ಕೆಲಸಗಳು. ಕ್ರಿ.ಪೂ. 110ರಲ್ಲಿ ವೂ ಚಕ್ರವರ್ತಿ ತಾಯ್ ಪರ್ವತದಲ್ಲಿ ನಡೆಸಿದ ಮಹಾಯಾಗಕ್ಕೆ ಹೋಗಲಾಗದೆ ತಂದೆ ನೊಂದು ತೀರಿಕೊಂಡ. ತಾನು ಆರಂಭಿಸಿದ್ದ ಚರಿತ್ರೆಯನ್ನು ಪೂರ್ಣಗೊಳಿಸುವ ಹೊಣೆಯನ್ನು ಸಾಯುವ ಮುನ್ನ ಮಗನಿಗೆ ಒಪ್ಪಿಸಿದ. 108ರಲ್ಲಿ ಅದೇ ಹುದ್ದೆಗೆ ಬಂದ ಮಗ, 104ರ ಪಂಚಾಂಗ ಸುಧಾರಣೆಯಲ್ಲಿಯೂ ಪಾಲ್ಗೊಂಡ.

ಕ್ರಿ.ಪೂ. 99ರಲ್ಲಿ ಲಿ ಲಿಂಗ್ ಎಂಬ ಸೇನಾಪತಿ 5,000 ಕಾಲಾಳುಗಳೊಡನೆ ಷಿಯೊಂಗ್ನು ಅಲೆಮಾರಿಗಳ ದೊಡ್ಡ ಸೈನ್ಯವನ್ನು ಎದುರಿಸಿ, ನೆರವು ಬಾರದೆ ಶರಣಾದ. ಅವನ ಗೆಲುವಿನ ಸುದ್ದಿಗೆ ಸಂಭ್ರಮಿಸಿದ್ದ ಮಂತ್ರಿಗಳೇ ಈಗ ಅವನನ್ನು ದೂಷಿಸತೊಡಗಿದರು. ಚಕ್ರವರ್ತಿ ಅಭಿಪ್ರಾಯ ಕೇಳಿದಾಗ ಸಿಮಾ ಛಿಯೆನ್ ಮಾತ್ರ ಲಿ ಲಿಂಗ್‌ನನ್ನು ಸಮರ್ಥಿಸಿದ. ಇಬ್ಬರೂ ಆಪ್ತರೇನಲ್ಲ. ಆದರೆ ಆ ದಂಡಯಾತ್ರೆಯ ಹಿರಿಯ ಸೇನಾಪತಿ ಲಿ ಕ್ವಾಂಗ್ಲಿ ಅರಸನ ಪ್ರಿಯಪತ್ನಿಯ ಸೋದರ. ಈ ಸಮರ್ಥನೆ ಅವನ ನಿಂದೆಯಾಗಿ ಅರಸನಿಗೆ ಕೇಳಿಸಿತು. ಚಕ್ರವರ್ತಿಯನ್ನು ವಂಚಿಸಿದ ಆರೋಪಕ್ಕೆ ಮರಣದಂಡನೆ ವಿಧಿಸಲಾಯಿತು.

ಹಣ ತೆತ್ತು ಶಿಕ್ಷೆಯಿಂದ ಪಾರಾಗುವ ಅವಕಾಶ ಆ ಕಾಲದಲ್ಲಿತ್ತು; ಈತನಲ್ಲಿ ಅಷ್ಟು ಹಣವಿರಲಿಲ್ಲ, ನೆರವಿಗೆ ಗೆಳೆಯರೂ ಬರಲಿಲ್ಲ. ಉಳಿದ ದಾರಿ ವೃಷಣಚ್ಛೇದನ. ಕುಲೀನನಾದವನು ಅದಕ್ಕಿಂತ ಆತ್ಮಹತ್ಯೆಯನ್ನು ಆರಿಸಿಕೊಳ್ಳಬೇಕೆಂಬುದು ಅಂದಿನ ನಿರೀಕ್ಷೆ. ತಂದೆತಾಯಿಗಳಿಂದ ಬಂದ ದೇಹವನ್ನು ಊನಗೊಳಿಸಿಕೊಳ್ಳುವುದು ಪಿತೃಭಕ್ತಿಗೆ ಅಪಚಾರ. ತಂದೆಯ ಗ್ರಂಥವನ್ನು ಅರ್ಧಕ್ಕೆ ಬಿಡುವುದೂ ಅಪಚಾರವೇ. ಈತ ಅವಮಾನವನ್ನು ಆರಿಸಿಕೊಂಡ. ರೆನ್ ಆನ್ ಎಂಬ ಮಿತ್ರನಿಗೆ ಬರೆದ ಪತ್ರದಲ್ಲಿ ಅದರ ಕಾರಣವನ್ನು ವಿವರಿಸಿದ್ದಾನೆ. ವಿಪರ್ಯಾಸವೆಂದರೆ, ಶಿಕ್ಷೆಯ ನಂತರ ಅದೇ ಅರಸ ಈತನನ್ನು ಅಂತಃಪುರದ ಕಾರ್ಯದರ್ಶಿಯನ್ನಾಗಿ ನೇಮಿಸಿದ.

ಗ್ರಂಥದಲ್ಲಿ 130 ಅಧ್ಯಾಯಗಳಿವೆ: 12 ರಾಜಚರಿತ್ರೆಗಳು, 10 ಕಾಲಪಟ್ಟಿಗಳು, 8 ಶಾಸ್ತ್ರಪ್ರಬಂಧಗಳು, 30 ಮನೆತನಗಳ ವೃತ್ತಾಂತ, 70 ಜೀವನಚರಿತ್ರೆಗಳು. ಈ ವಿಂಗಡಣೆಯಲ್ಲಿಯೇ ಲೇಖಕನ ನಿಲುವು ಅಡಗಿದೆ. ಛಿನ್ ಸಾಮ್ರಾಜ್ಯದ ವಿರುದ್ಧ ಕ್ರಿ.ಪೂ. 209ರಲ್ಲಿ ಬಂಡೆದ್ದ ಕೂಲಿಯಾಳು ಛೆನ್ ಷೆಗೆ ಮನೆತನಗಳ ಸಾಲಿನಲ್ಲಿ ಸ್ಥಾನ ದೊರೆತಿದೆ. ಹಾನ್ ಸ್ಥಾಪಕನ ಶತ್ರು ಷಿಯಾಂಗ್ ಯೂಗೆ ರಾಜಚರಿತ್ರೆಗಳಲ್ಲಿ. ವರ್ತಕರಿಗೂ ಒಂದು ಅಧ್ಯಾಯ ಮೀಸಲು. ಆರ್ಥಿಕತೆಯ ಪ್ರಬಂಧವಂತೂ ವೂ ಚಕ್ರವರ್ತಿಯ ಯುದ್ಧಗಳು ಬೊಕ್ಕಸವನ್ನು ಬರಿದು ಮಾಡಿದ್ದನ್ನೂ, ಉಪ್ಪು-ಕಬ್ಬಿಣಗಳ ಮೇಲಿನ ಸರ್ಕಾರಿ ಏಕಸ್ವಾಮ್ಯವನ್ನೂ, ಹುದ್ದೆಗಳ ಮಾರಾಟವನ್ನೂ ನಿರ್ದಾಕ್ಷಿಣ್ಯವಾಗಿ ದಾಖಲಿಸುತ್ತದೆ. ಹಣವಿಲ್ಲದೆ ಶಿಕ್ಷೆಗೊಳಗಾದವನ ಬರಹವಿದು ಎಂಬುದನ್ನು ಓದುಗರು ಮರೆಯಲಾಗದು.

ಭಾರತೀಯರಿಗೆ ಸಂಬಂಧಿಸಿದ ಉಲ್ಲೇಖವೊಂದೂ ಇಲ್ಲಿದೆ. ರಾಯಭಾರಿ ಝಾಂಗ್ ಛಿಯೆನ್ ಬ್ಯಾಕ್ಟ್ರಿಯದ ಸಂತೆಯಲ್ಲಿ ಚೀನಾದ ಷು ಪ್ರಾಂತ್ಯದ ಬಟ್ಟೆಯನ್ನು ಕಂಡು ವಿಚಾರಿಸಿದಾಗ, ಅದು ‘ಷೆಂದು’ ದೇಶದ ಮೂಲಕ ಬಂದುದೆಂದು ತಿಳಿಯಿತಂತೆ. ಷೆಂದು ಎಂದರೆ ಸಿಂಧು.

ಗ್ರಂಥವನ್ನು ಬೆಳಕಿಗೆ ತಂದವನು ಮಗಳ ಮಗ ಯಾಂಗ್ ಯುನ್, ಷ್ವಾನ್ ಚಕ್ರವರ್ತಿಯ ಆಳ್ವಿಕೆಯಲ್ಲಿ (ಕ್ರಿ.ಪೂ. 74-49). ಅದೇ ಚಕ್ರವರ್ತಿಯ ಕಾಲದಲ್ಲಿ, ಅಸಮಾಧಾನ ತುಂಬಿದ ಪತ್ರವೊಂದನ್ನು ಬರೆದ ಕಾರಣಕ್ಕಾಗಿ ಈ ಮೊಮ್ಮಗನಿಗೂ ಮರಣದಂಡನೆಯಾಯಿತು.