ಬದಲಿ ಉಪಾಧ್ಯಾಯ: ಡಿ.ವಿ. ಗುಂಡಪ್ಪನವರ ಬದುಕಿನ ಒಂದು ಮಗ್ಗುಲು

ಡಿ.ವಿ. ಗುಂಡಪ್ಪನವರ ಬದುಕನ್ನು ಕುರಿತ ಬರಹಗಳಲ್ಲಿ ಪತ್ರಿಕೋದ್ಯಮಕ್ಕೂ ಕಾವ್ಯಕ್ಕೂ ದೊರೆತಿರುವ ಪ್ರಾಶಸ್ತ್ಯ ಅವರ ಅಧ್ಯಾಪನಕ್ಕೆ ದೊರೆತಿಲ್ಲ. ಮುಳಬಾಗಿಲಿನಲ್ಲಿ ಅವರು ಕೆಲಕಾಲ ಬದಲಿ ಉಪಾಧ್ಯಾಯರಾಗಿದ್ದ ಸಂಗತಿಯಂತೂ ಬಹುಮಟ್ಟಿಗೆ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ.

1887ರಲ್ಲಿ ಮುಳಬಾಗಿಲಿನಲ್ಲಿ ಜನಿಸಿದ ಡಿವಿಜಿಯವರು ಲೋಯರ್ ಸೆಕೆಂಡರಿ ಮುಗಿಸಿ, ಮೈಸೂರಿನಲ್ಲೂ ಕೋಲಾರದಲ್ಲೂ ಹೈಸ್ಕೂಲು ಓದಿದರು, ಮೆಟ್ರಿಕ್ಯುಲೇಷನ್ನಿನಲ್ಲಿ ತೇರ್ಗಡೆಯಾಗಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರಲ್ಲಿ. ಅದಕ್ಕೆ ಮೊದಲು ಸಂಸ್ಥಾನದ ವಿದ್ಯಾರ್ಥಿಗಳು ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗಳನ್ನೇ ಎದುರಿಸಬೇಕಿತ್ತು. ಕಾಲೇಜು, ಪದವಿ, ಅದರ ಮೇಲೆ ಅಧ್ಯಾಪಕರ ತರಬೇತಿ ಎಂಬ ಮೆಟ್ಟಿಲುಗಳಲ್ಲಿ ಮೊದಲನೆಯದೇ ಅವರ ಪಾಲಿಗೆ ತಪ್ಪಿತು. ಅರ್ಹತೆ ಪಡೆದವನಿಗೆ ಹುದ್ದೆ, ಪಡೆಯದವನಿಗೆ ಬದಲಿ ಕೆಲಸ: ಈ ಭೇದ ಅವರ ಮುಂದಿನ ಅಲೆದಾಟವನ್ನು ಬಹುಮಟ್ಟಿಗೆ ವಿವರಿಸುತ್ತದೆ.

ಜೀವನೋಪಾಯಕ್ಕಾಗಿ ಅವರು ಕೋಲಾರದ ಚಿನ್ನದ ಗಣಿ ಪ್ರದೇಶದ ಸೋಡಾ ಕಾರ್ಖಾನೆಯೊಂದರಲ್ಲೂ ದುಡಿದರು. ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಇಂದಿನ ಬಂಗಾರಪೇಟೆಯಿಂದ ಕವಲೊಡೆದ ರೈಲುಮಾರ್ಗ, 1902ರಲ್ಲಿ ಶಿವನಸಮುದ್ರದಿಂದ ಬಂದ ವಿದ್ಯುತ್ತು, ಜಾನ್ ಟೇಲರ್ ಕಂಪನಿಯ ಆಡಳಿತ, ಹಲವು ಭಾಷೆಗಳ ಕಾರ್ಮಿಕರು — ಅಗ್ರಹಾರದ ವಾತಾವರಣದಿಂದ ಬಂದ ತರುಣನಿಗೆ ಇದು ಬೇರೆಯೇ ಲೋಕವಾಗಿದ್ದಿರಬೇಕು. ಬೆಂಗಳೂರಿಗೆ ಬಂದ ಮೇಲೂ ಮೊದಲಿಗೆ ದೊರೆತದ್ದು ಜಟಕಾ ಗಾಡಿಗಳಿಗೆ ಬಣ್ಣ ಹಚ್ಚುವ ಕಾರ್ಖಾನೆಯ ಕೆಲಸ. ಪತ್ರಿಕಾವೃತ್ತಿ ಆಮೇಲಿನದು, 1913ರಲ್ಲಿ ‘ಕರ್ಣಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ಅವರೇ ಆರಂಭಿಸಿದರು.

ಶಾಲೆಯ ಓದು ನಿಂತರೂ ಕಲಿಕೆ ನಿಲ್ಲಲಿಲ್ಲ. ಹಾನಗಲ್ ವಿರೂಪಾಕ್ಷ ಶಾಸ್ತ್ರಿಗಳಂಥ ವಿದ್ವಾಂಸರಲ್ಲಿ ಅವರು ವೇದಾಂತವನ್ನು ಅಭ್ಯಸಿಸಿದರು. ಇದನ್ನು ಸ್ವಯಂಶಿಕ್ಷಣವೆಂದು ಕರೆಯುವ ವಾಡಿಕೆ ಪೂರ್ಣ ಸರಿಯಲ್ಲ. ಗುರುಮುಖದ ಪಾಠಕ್ಕೆ ತನ್ನದೇ ಶಿಸ್ತುಂಟು, ಸರ್ಕಾರದ ಮುದ್ರೆಯಷ್ಟೇ ಇಲ್ಲ. ಇಂಗ್ಲಿಷ್ ರಾಜ್ಯಶಾಸ್ತ್ರದ ಗ್ರಂಥಗಳನ್ನು ಮಾತ್ರ ಅವರು ಸ್ವಂತ ಓದಿನಿಂದಲೇ ವಶಮಾಡಿಕೊಂಡರು.

ಪದವಿಯಿಲ್ಲದೆಯೂ ಅವರು ಮೈಸೂರು ವಿಶ್ವವಿದ್ಯಾನಿಲಯದ ಸೆನೆಟ್ಟಿನ ಸದಸ್ಯರಾದರು. ಆದರೆ ಅಧ್ಯಾಪಕ ಡಿವಿಜಿಯನ್ನು ಕಾಣಬೇಕಾದದ್ದು 1945ರಲ್ಲಿ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಲ್ಲಿ. ಅಲ್ಲಿನ ಅಧ್ಯಯನ ಗೋಷ್ಠಿಗಳಲ್ಲಿ ಹಾಜರಿ ಪುಸ್ತಕಕ್ಕಿಂತ ಚರ್ಚೆ ಮುಖ್ಯವಾಗಿತ್ತು. ರಾಜ್ಯಶಾಸ್ತ್ರ, ಕಾವ್ಯ, ಗೀತೆ ಮೂರೂ ಪಾಠದ ವಿಷಯಗಳಾಗಿದ್ದವು. ಭಗವದ್ಗೀತೆಯನ್ನು ಕುರಿತು ಅಲ್ಲಿ ನೀಡಿದ ಉಪನ್ಯಾಸಗಳು ಗ್ರಂಥರೂಪ ತಾಳಿ, 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದವು. ಅದಕ್ಕೂ ಮುನ್ನ, 1961ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಿ.ಲಿಟ್. ನೀಡಿತ್ತು. 1975ರಲ್ಲಿ ನಿಧನರಾಗುವವರೆಗೂ ಆ ಸಂಸ್ಥೆಯೊಡನೆ ಅವರ ನಂಟು ಉಳಿದಿತ್ತು.