ಹೆಸರೇ ರತ್ನವಾದ ಕವಿ

ದೊಡ್ಡವರನ್ನು ಕುರಿತು ನಾವಾಡುವ ಮಾತುಗಳನ್ನು ಒಂದೆಡೆ ಕೂಡಿಸಿ ನೋಡಿದರೆ, ಅವುಗಳಲ್ಲಿ ಬಹುಪಾಲು ಬೆಳಕಿನ ಮನೆಯಿಂದ ಎರವು ತಂದವೆಂಬುದು ಗೊತ್ತಾಗುತ್ತದೆ. ಮನೆತನಕ್ಕೆ ಹೆಸರು ತಂದವನು ಕುಲದೀಪಕ. ವಿದ್ವಾಂಸರಲ್ಲಿ ಮೇಲಾದವನು ಚೂಡಾಮಣಿ. ಕವಿ ಚಂದ್ರನಾಗುತ್ತಾನೆ, ಅರಸು ಸೂರ್ಯನಾಗುತ್ತಾನೆ. ಕೀರ್ತಿಯ ಬಣ್ಣ ಬಿಳುಪೆಂದು ಕವಿಸಮಯವೇ ಹೇಳುತ್ತದೆ. ಇಂಥ ಮಾತುಗಳು ಸಾಮಾನ್ಯವಾಗಿ ಬಿರುದುಗಳಾಗಿ ಬರುತ್ತವೆ. ಕನ್ನಡದ ಒಬ್ಬ ಮಹಾಕವಿಗಾದರೋ ಅಂಥ ಮಾತು ಹೆಸರಾಗಿಯೇ ಬಂದಿತು. ಸಂಸ್ಕೃತದ ರತ್ನ ಕನ್ನಡದ ನಾಲಗೆಯಲ್ಲಿ ತದ್ಭವವಾಗಿ ರನ್ನವಾಗುತ್ತದೆ. ಆ ರನ್ನನ ಬಾಳನ್ನು ಇಲ್ಲಿ ನೆನೆಯಬೇಕೆಂದಿದ್ದೇನೆ.

ನೆನೆಯಲು ಕಾರಣವೂ ಉಂಟು. ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ರತ್ನತ್ರಯರ ವಿಷಯ ಹೇಳುತ್ತಿದ್ದೆ. ಪಂಪ, ಪೊನ್ನರ ಜೊತೆಗೆ ತನ್ನನ್ನೂ ಸೇರಿಸಿಕೊಂಡು, ಜಿನಧರ್ಮಕ್ಕೆ ಬೆಳಕಾದ ಕವಿಗಳು ನಾವು ಮೂವರೆಂದು ಸಾರಿದವನು ರನ್ನನೇ. ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬ ಎದ್ದು, ತನ್ನನ್ನು ತಾನೇ ರತ್ನವೆಂದುಕೊಳ್ಳುವುದು ಅಹಂಕಾರವಲ್ಲವೇ ಎಂದು ಕೇಳಿದ. ಆತ್ಮಪ್ರಶಂಸೆ ಅಂದಿನ ಕಾವ್ಯಸಂಪ್ರದಾಯವೆಂದು ಹೇಳಿ ಅವನನ್ನು ಕುಳ್ಳಿರಿಸಿದೆ. ಉತ್ತರ ಸುಳ್ಳಾಗಿರಲಿಲ್ಲ, ಆದರೆ ಅದು ಪ್ರಶ್ನೆಯನ್ನು ಮುಚ್ಚಿತೇ ಹೊರತು ಬಿಡಿಸಲಿಲ್ಲ.

ರನ್ನ ಹುಟ್ಟಿದ್ದು ಕ್ರಿ.ಶ. ೯೪೯ರ ಸೌಮ್ಯ ಸಂವತ್ಸರದಲ್ಲಿ, ಬೆಳುಗಲಿ ನಾಡಿನ ಮುದುವೊಳಲಿನಲ್ಲಿ. ಅದು ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳ. ತಂದೆ ಜಿನವಲ್ಲಭೇಂದ್ರ, ತಾಯಿ ಅಬ್ಬಲಬ್ಬೆ. ಕುಲ ಬಳೆಗಾರರದು. ಆಸ್ಥಾನಗಳ ಬಾಗಿಲು ಅಂಥ ಮನೆಯ ಹುಡುಗನಿಗೆ ತಾನಾಗಿ ತೆರೆಯತಕ್ಕದ್ದಲ್ಲ. ವಿದ್ಯೆಯನ್ನು ಅರಸಿ ಅವನು ದೂರದ ಗಂಗರ ನಾಡಿಗೆ ನಡೆದನು. ಅಲ್ಲಿ ಅಜಿತಸೇನಾಚಾರ್ಯರು ಅವನಿಗೆ ಗುರುಗಳಾದರು. ಗಂಗರ ಮಂತ್ರಿಯೂ ಸೇನಾನಿಯೂ ಆಗಿದ್ದ ಚಾವುಂಡರಾಯನು ಆಶ್ರಯದಾತನಾದನು. ಗೊಮ್ಮಟನ ಮಹಾಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯ ಇವನೇ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯೊಂದರಲ್ಲಿ ಶ್ರೀ ಕವಿರತ್ನ ಎಂಬ ಅಕ್ಷರಗಳಿವೆ. ಅದು ರನ್ನನ ಹಸ್ತಾಕ್ಷರವೆಂದು ವಿದ್ವಾಂಸರು ಭಾವಿಸಿದ್ದಾರೆ.

ಗಂಗರ ಬಲ ಕುಂದಿ ಕಲ್ಯಾಣದ ಚಾಳುಕ್ಯರು ತಲೆಯೆತ್ತಿದ ಕಾಲವದು. ರನ್ನ ತೈಲಪನ ಆಸ್ಥಾನವನ್ನು ಸೇರಿ ಕವಿಚಕ್ರವರ್ತಿ ಎನಿಸಿದನು. ಮೊದಲು ಸಾಮಂತರಿಂದ, ಬಳಿಕ ಮಾಂಡಲಿಕರಿಂದ, ಕೊನೆಗೆ ಚಕ್ರವರ್ತಿಯಿಂದ ಮನ್ನಣೆ ಪಡೆದ ಈ ಏರಿಕೆಯನ್ನು ಅವನು ಮುಚ್ಚಿಡದೆ ಹೇಳಿಕೊಂಡಿದ್ದಾನೆ. ಕವಿರತ್ನ, ಕವಿಮುಖಚಂದ್ರ, ಕವಿಜನಚೂಡಾರತ್ನ ಎಂದು ಅವನ ಬಿರುದುಗಳೆಲ್ಲ ಥಳಥಳಿಸುತ್ತವೆ. ಅವನದೆಂದು ಹೇಳುವ ರನ್ನಕಂದವೆಂಬ ನಿಘಂಟಿನಲ್ಲಿ ನಮಗುಳಿದಿರುವುದು ೧೨ ಪದ್ಯ ಮಾತ್ರ. ಅವುಗಳ ಕೊನೆಯಲ್ಲಿಯೂ ಕವಿರತ್ನನ ಅಂಕಿತವೇ. ತನ್ನ ಕೃತಿಯನ್ನು ಮುಟ್ಟಿ ಪರೀಕ್ಷಿಸುವುದೆಂದರೆ ಸರ್ಪರಾಜನ ಹೆಡೆಯ ಮಣಿಗೆ ಕೈಯಿಟ್ಟಂತೆ ಎಂಬ ಎಚ್ಚರಿಕೆಯನ್ನೂ ಅವನು ಕೊಟ್ಟಿದ್ದಾನೆ. ಇಷ್ಟನ್ನೇ ನೋಡಿದರೆ ಆ ವಿದ್ಯಾರ್ಥಿಯ ಸಂಶಯ ನ್ಯಾಯವಾದದ್ದೇ.

ಆದರೆ ರತ್ನಕ್ಕೆ ಒಂದು ಗುಣವುಂಟು. ಕತ್ತಲೆಯ ಕೋಣೆಯಲ್ಲಿ ಅದೂ ಒಂದು ಕಲ್ಲು. ಹೊರಗಿನಿಂದ ಬೆಳಕು ಬಿದ್ದರೆ ಮಾತ್ರ ಹೊಳೆಯುತ್ತದೆ. ಈ ಸತ್ಯವನ್ನು ರನ್ನ ಚೆನ್ನಾಗಿ ಬಲ್ಲವನು. ತನ್ನ ಬಳೆಗಾರ ಕುಲವನ್ನು ಅವನು ಮರೆಮಾಚಲಿಲ್ಲ. ತಂದೆತಾಯಿಗಳನ್ನೂ ಅಣ್ಣಂದಿರನ್ನೂ ಮಡದಿಯರಾದ ಜಕ್ಕಿ, ಶಾಂತಿಯರನ್ನೂ ಕಾವ್ಯದೊಳಗೆ ಹೆಸರಿಸಿದನು. ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಎರಡೂ ತನ್ನನ್ನು ಪೊರೆದವರ ಹೆಸರುಗಳು. ಮನೆಯಲ್ಲಿ ಮಕ್ಕಳನ್ನು ಕರೆದಾಗಲೆಲ್ಲ ಋಣ ನೆನಪಾಗುವಂತೆ ಮಾಡಿಕೊಂಡವನನ್ನು ಅಹಂಕಾರಿಯೆನ್ನುವುದು ಹೇಗೆ?

ಮಗಳಿಗೆ ಹೆಸರಾದ ಆ ಅತ್ತಿಮಬ್ಬೆಯ ಕಥೆಯನ್ನು ಹೇಳದೆ ರನ್ನನ ಕಥೆ ಪೂರ್ತಿಯಾಗದು. ಆಕೆಯ ಪತಿ ನಾಗದೇವ ಯುದ್ಧದಲ್ಲಿ ಮಡಿದನು. ಅವನನ್ನೇ ವರಿಸಿದ್ದ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಬದುಕಿ ಉಳಿದು, ಬಾಳನ್ನು ಧರ್ಮಕ್ಕೆ ತೆತ್ತಳು. ಪೊನ್ನನ ಶಾಂತಿಪುರಾಣ ಅಳಿದುಹೋಗದಿರಲೆಂದು ಅದರ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ದಾನಚಿಂತಾಮಣಿಯೆಂಬುದು ಆಕೆಯ ಬಿರುದು, ಅದೂ ಮಣಿಯೇ. ಆಕೆಯ ಪ್ರೇರಣೆಯಿಂದ ರನ್ನ ೯೯೩ರಲ್ಲಿ ಅಜಿತಪುರಾಣವನ್ನು ಮುಗಿಸಿದನು.

ನಮ್ಮ ಹೆಂಗಸರು ಪಾತ್ರೆಗಳನ್ನು ತಿಕ್ಕಿ ತೊಳೆಯುವುದಕ್ಕೆ ಬೆಳಗುವುದು ಎನ್ನುತ್ತಾರೆ; ದೀಪ ಮನೆಗೆ ಬೆಳಕು ಕೊಡುವುದನ್ನೂ ನಾವು ಅದೇ ಮಾತಿನಿಂದ ಹೇಳುತ್ತೇವೆ. ಹೊಳೆಯುವುದು ಒಂದು, ಬೆಳಗುವುದು ಇನ್ನೊಂದು. ಓಲೆಗರಿಯ ಮೇಲೆ ಅಕ್ಷರ ಮಾಸದಂತೆ ಮತ್ತೆ ಮತ್ತೆ ಬರೆಯಿಸಿದ ಅತ್ತಿಮಬ್ಬೆಯ ಕೆಲಸ ಈ ಎರಡನೆಯ ಜಾತಿಯದು. ಅಂಥ ಕೈ ತಪ್ಪಿದರೆ ಏನಾಗುವುದೆಂಬುದಕ್ಕೂ ರನ್ನನೇ ಸಾಕ್ಷಿ. ಅವನ ಪರಶುರಾಮಚರಿತ, ಚಕ್ರೇಶ್ವರಚರಿತಗಳು ಇಂದು ನಮಗಿಲ್ಲ. ಚಕ್ರವರ್ತಿ ಕೊಟ್ಟ ಬಿರುದು ಅವುಗಳನ್ನು ಕಾಪಾಡಲಾರದೆ ಹೋಯಿತು.

ಉಳಿದು ಬಂದ ಸಾಹಸಭೀಮವಿಜಯವೇ ನಾವು ಗದಾಯುದ್ಧವೆಂದು ಓದುವ ಕಾವ್ಯ. ತೈಲಪನ ಮಗ ಸತ್ಯಾಶ್ರಯನನ್ನು ಭೀಮನೊಡನೆ ಹೋಲಿಸಿ ಹಾಡಲು ಹೊರಟದ್ದು ಅದು. ಗೆದ್ದವನನ್ನು ಹೊಗಳುವುದು ಕವಿಯ ಕರ್ತವ್ಯವಾಗಿತ್ತು. ಅದನ್ನು ಅವನು ಲೋಪವಿಲ್ಲದೆ ನಡೆಸಿದನು. ಆದರೂ ಓದುಗನ ಎದೆಯಲ್ಲಿ ಉಳಿಯುವವನು ದುರ್ಯೋಧನ. ಸಂಜಯನೊಡನೆ ಹೆಣಗಳ ನಡುವೆ ನಡೆಯುತ್ತ, ಶತ್ರುವಿನ ಮಗನಾದ ಅಭಿಮನ್ಯುವಿನ ಮುಂದೆಯೂ ನಿಂತು ಅವನ ಶೌರ್ಯಕ್ಕೆ ಕೈಮುಗಿಯುವ ದುರ್ಯೋಧನ. ತಮ್ಮನನ್ನೂ ಕರ್ಣನನ್ನೂ ಕಂಡು ಕರಗುವ ದುರ್ಯೋಧನ. ಅವನು ತೊಡೆಮುರಿದು ಮಡಿದಾಗ ಕವಿ ಆಗಸದ ಸೂರ್ಯನನ್ನೂ ಕುರುಕುಲದ ಸೂರ್ಯನನ್ನೂ ಒಟ್ಟಿಗೆ ಮುಳುಗಿಸುತ್ತಾನೆ. ಬೆಳಕಿನ ಮಾತುಗಳಲ್ಲೆಲ್ಲ ದೊಡ್ಡದಾದ ಮಾತನ್ನು ಅವನು ಸೋತು ನೆಲಕ್ಕೊರಗಿದವನಿಗೂ ಸಲ್ಲಿಸಿದನು. ತನ್ನನ್ನು ಕರೆದುಕೊಂಡದ್ದಾದರೋ ರತ್ನವೆಂದು, ಸೂರ್ಯನೆಂದಲ್ಲ.

ಮುಧೋಳದ ಹತ್ತಿರ ಬೆಳಗಲಿ ಎಂಬ ಊರಿದೆ. ಜನ ಈಗ ಅದನ್ನು ರನ್ನಬೆಳಗಲಿ ಎಂದೇ ಕರೆಯುತ್ತಾರೆ. ಅಂದು ಪ್ರಶ್ನೆ ಕೇಳಿದ ಆ ಹುಡುಗ ಈಗ ಎಲ್ಲಿದ್ದಾನೋ ನಾನರಿಯೆ. ಭಾನುವಾರದ ಈ ಪುಟ ಅವನ ಕೈಗೆ ಸಿಕ್ಕರೆ, ಅಂದು ಅವಸರದಲ್ಲಿ ಕುಳ್ಳಿರಿಸಿದ ಅಧ್ಯಾಪಕನ ತಡವಾದ ಉತ್ತರವೆಂದು ಇದನ್ನು ಅವನು ಸ್ವೀಕರಿಸಲಿ.